ಅರೆ ಸೆಕೆಂಡಿನ ಹಿಂಜರಿಕೆ

ಲಮಾರ್ ಸ್ಟೆಗಾಲರು ಮನುಷ್ಯರಿಗೆ ದಶಮಾಂಶದಲ್ಲಿ ಅಂಕ ಕೊಡುವವರು. ಹಗಲೆಲ್ಲ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತು ಬೆಲ್ಟು, ಬೇರಿಂಗು ಮಾರುತ್ತಿದ್ದರೂ ತಮ್ಮ ನಿಜವಾದ ಕಸುಬು ಅದಲ್ಲವೆಂದು ಅವರು ನಂಬಿದ್ದರು. ದಕ್ಷಿಣ ಅಲಬಾಮಾದ ಹನ್ನೊಂದು ಕೌಂಟಿಗಳಲ್ಲಿ ಅವರ ಹಾಗೆಯೇ ನಂಬಿದವರು ಇನ್ನೂ ಕೆಲವರಿದ್ದರು ಎಂಬುದನ್ನೂ ಹೇಳಬೇಕು. ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಕಂಕುಳಿಗೆ ಒತ್ತಿಕೊಂಡು ಓಡುವ ಹುಡುಗರು, ಅಂದರೆ ರನ್ನಿಂಗ್ ಬ್ಯಾಕ್‌ಗಳು, ಯಾರು ಕಾಲೇಜಿನ ತಂಡಕ್ಕೆ ತಕ್ಕವರು, ಯಾರು ಊರಿನ ಸಾಮಿಲ್ಲಿಗೆ ತಕ್ಕವರು ಎಂದು ತೂಗಿ ಹೇಳುವುದು ಅವರ ಕಸುಬು. ಪ್ರತಿ ಸೋಮವಾರ ಹೊರಡುವ ‘ಸ್ಟೆಗಾಲ್ ವರದಿ’ಯನ್ನು ಸಣ್ಣ ಕಾಲೇಜುಗಳ ಕೋಚ್‌ಗಳು ಬೆಳಗಿನ ಕಾಫಿಯ ಜೊತೆ ಓದುತ್ತಿದ್ದರು. ದೊಡ್ಡ ಕಾಲೇಜುಗಳವರೂ ಓದುತ್ತಾರೆ, ಆದರೆ ಒಪ್ಪಿಕೊಳ್ಳುವುದಿಲ್ಲ ಎಂದು ಸ್ಟೆಗಾಲರ ಅಂಬೋಣ.

ನೂರಕ್ಕೆ ಎಂಬತ್ತೇಳು ಎಂದರೆ ಯಾರಾದರೂ ಹೇಳಬಹುದು. ಎಂಬತ್ತೇಳು ದಶಮಾಂಶ ನಾಲ್ಕು ಎನ್ನಬೇಕಾದರೆ ಒಂದು ಶಾಸ್ತ್ರ ಬೇಕು. ಆ ಶಾಸ್ತ್ರವನ್ನು ಸ್ಟೆಗಾಲರೇ ಕಟ್ಟಿದ್ದರು. ಕಣ್ಣಿಗೆ ಇಷ್ಟು, ಪಾದಕ್ಕೆ ಇಷ್ಟು, ಮೈಗೆ ಯಾರಾದರೂ ಅಪ್ಪಳಿಸಿದ ಮೇಲೂ ಮುಂದೆ ಬೀಳುವ ಗುಣಕ್ಕೆ ಇಷ್ಟು, ಚೆಂಡನ್ನು ಬಿಡದಿರುವುದಕ್ಕೆ ಇಷ್ಟು. ದಶಮಾಂಶ ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಹೆಂಡತಿ ವರ್ನಾ ಕೇಳಿದ್ದಳು. ಅದು ಅನುಭವದಿಂದ ಬರುತ್ತದೆ ಎಂದು ಅವರು ಉತ್ತರಿಸಿದ್ದರು. ಅನುಭವವೆಂದರೆ, ಸ್ವತಃ ಒಂದು ಕಾಲೇಜಿನಲ್ಲಿ ಒಂದು ಋತು ಓಡಿ ಮಂಡಿ ಕಳೆದುಕೊಂಡದ್ದು. ಆ ಋತುವಿನಲ್ಲಿ ಅವರು ಓಡಿದ್ದು ಒಟ್ಟು ಅರವತ್ತೊಂದು ಗಜ. ಅದರಲ್ಲಿ ನಲವತ್ತು ಗಜ ಒಂದೇ ಓಟದ್ದು, ಅದೂ ಎದುರಾಳಿಗಳಲ್ಲಿ ಇಬ್ಬರು ಪರಸ್ಪರ ಡಿಕ್ಕಿ ಹೊಡೆದುಕೊಂಡು ಬಿದ್ದದ್ದರಿಂದ.

ಹತ್ತೊಂಬತ್ತು ವರ್ಷಗಳಲ್ಲಿ ಕೊಟ್ಟ ಒಂದು ಅಂಕವನ್ನೂ ಅವರು ತಿದ್ದಿರಲಿಲ್ಲ. ವರದಿಯ ನೆತ್ತಿಯ ಮೇಲೆ ಅದನ್ನೇ ದಪ್ಪಕ್ಷರದಲ್ಲಿ ಹಾಕಿಸಿದ್ದರು. ಮೊದಲ ಹದಿಮೂರು ವರ್ಷ ಊರೂರು ತಿರುಗಿ, ಮೈದಾನದ ಹಲಗೆ ಬೆಂಚುಗಳ ಮೇಲೆ ಕೂತು, ಹುಡುಗರನ್ನು ಕಣ್ಣಾರೆ ನೋಡಿಯೇ ಬರೆಯುತ್ತಿದ್ದರು. ಆರು ವರ್ಷದ ಹಿಂದೆ ಅದನ್ನು ಬಿಟ್ಟರು. ಈಗ ಶಾಲೆಯವರು, ಅಪ್ಪಂದಿರು, ಚಿಕ್ಕಪ್ಪಂದಿರು ಫೋನಿನಲ್ಲಿ ತೆಗೆದು ಕಳಿಸುವ ವೀಡಿಯೋಗಳನ್ನು ಅಂಗಡಿಯ ಹಿಂಕೋಣೆಯಲ್ಲಿ ಕೂತು ನೋಡುತ್ತಿದ್ದರು. ಕಣ್ಣು ಮೋಸ ಮಾಡುತ್ತದೆ, ವೀಡಿಯೋ ಮಾಡುವುದಿಲ್ಲ ಎಂಬುದು ಈ ಹೊಸ ಪದ್ಧತಿಗೆ ಅವರು ಕೊಟ್ಟ ಕಾರಣ. ಬೆಂಚುಗಳು ಗಟ್ಟಿಯಾಗಿರುತ್ತವೆ, ಹಿಂಕೋಣೆಯ ಕುರ್ಚಿ ಹಾಗಿಲ್ಲ, ಸಿಹಿ ಚಹಾದ ಹೂಜಿ ಕೈಗೆ ಸಿಗುತ್ತದೆ ಎಂಬುದು ವರ್ನಾ ಕೊಟ್ಟ ಕಾರಣ.

ಮೇ ತಿಂಗಳ ಒಂದು ಸೋಮವಾರ ಮಧ್ಯಾಹ್ನ ಮಿಸ್ ಒಡೆಲ್ ರಕರ್ ಅಂಗಡಿಯೊಳಕ್ಕೆ ಬಂದರು. ಹದಿನಾಲ್ಕು ಮೈಲಿ ಆಚೆಯ ಲಿವರ್ ಕ್ರೀಕ್ ಊರಿನಲ್ಲಿ ಶಾಲಾ ಬಸ್ಸು ಓಡಿಸುವ ಹೆಂಗಸು, ವಯಸ್ಸು ಅರವತ್ತೈದರ ಮೇಲೆ. ಹುಲ್ಲು ಕತ್ತರಿಸುವ ಯಂತ್ರದ ಬೆಲ್ಟು ಬೇಕೆಂದರು. ಸ್ಟೆಗಾಲರು ತಂದುಕೊಟ್ಟರು. ಆಕೆ ಅದನ್ನು ಎಳೆದು, ಮಡಚಿ, ಮೂಸಿ ನೋಡಿ ಕೌಂಟರಿನ ಮೇಲಿಟ್ಟು, ಸ್ಟೆಗಾಲರನ್ನೂ ಹಾಗೆಯೇ ಒಂದು ಸಲ ನೋಡಿದರು.

“ನನ್ನ ಮೊಮ್ಮಗ ಹಿಂಜರೀತಾನೆ ಅಂತ ಬರೆದೋರು ನೀವೇ ಅಲ್ವಾ?”

ಮೊಮ್ಮಗ ಯಾರು ಎಂದು ಕೇಳಬೇಕಾಗಿ ಬಂದದ್ದೇ ಸ್ಟೆಗಾಲರಿಗೆ ಮೊದಲ ಪೆಟ್ಟು. ಟೇವಿಯನ್ ರಕರ್ ಎಂದು ಆಕೆ ಹೇಳಿದ ಮೇಲೆ ನೆನಪಾಯಿತು. ಕಳೆದ ಅಕ್ಟೋಬರಿನ ವರದಿ. ಎಪ್ಪತ್ತೊಂದು ದಶಮಾಂಶ ಎರಡು. ವೇಗ ಇದೆ, ಬಲ ಇದೆ, ಆದರೆ ಚೆಂಡು ಕೈಗೆ ಬಂದ ಮೇಲೆ ಅರೆ ಸೆಕೆಂಡು ನಿಂತುಬಿಡುತ್ತಾನೆ, ಮುಂದೆ ಏನು ಮಾಡಬೇಕೆಂದು ತಿಳಿಯದೆ ಹಿಂಜರಿಯುತ್ತಾನೆ, ಇದು ಕಲಿಸಿ ಸರಿಪಡಿಸುವ ದೋಷವಲ್ಲ ಎಂದು ಬರೆದಿದ್ದರು. ಚೆನ್ನಾಗಿ ಬರೆದೆನೆಂದು ಆ ದಿನ ಅನಿಸಿತ್ತು ಕೂಡ.

ಮಿಸ್ ಒಡೆಲ್ ಜಗಳಕ್ಕೆ ಬಂದವರಲ್ಲ. ಬಸ್ಸಿನಲ್ಲಿ ಐವತ್ತು ಮಕ್ಕಳನ್ನು ದನಿ ಏರಿಸದೆ ಕೂರಿಸುವ ಅಭ್ಯಾಸದವರು, ಅದೇ ದನಿಯಲ್ಲಿ ವಿಷಯ ಹೇಳಿದರು. ಕಳೆದ ಬೇಸಿಗೆಗೆ ಮುಂಚೆ ಹನ್ನೆರಡು ಕಾಲೇಜುಗಳು ಹುಡುಗನಿಗೆ ಕಾಗದ ಬರೆದಿದ್ದವು. ಅಕ್ಟೋಬರಿನ ನಂತರ ಹನ್ನೊಂದು ಕಡೆಯವು ಒಂದೊಂದಾಗಿ ನಿಂತುಹೋದವು. ಫೋನು ಮಾಡಿ ಕೇಳಿದರೆ ಎಲ್ಲರ ಬಾಯಲ್ಲೂ ಅದೇ ಮಾತು, ಹಿಂಜರಿಕೆ. ಬೇರೆ ಬೇರೆ ಊರಿನ ಹನ್ನೊಂದು ಜನ ಒಂದೇ ಪದ ಹುಡುಕಿಕೊಂಡದ್ದು ಹೇಗೆ ಎಂದು ಆಕೆಗೆ ಆಶ್ಚರ್ಯವಾಗಿತ್ತಂತೆ. ಈಗ ಉಳಿದದ್ದು ಒಂದೇ, ಟೆನ್ಸಾ ಸ್ಟೇಟ್ ಕಾಲೇಜು. ಅಲ್ಲಿ ಈ ಸಲ ಒಬ್ಬನೇ ಒಬ್ಬ ರನ್ನಿಂಗ್ ಬ್ಯಾಕ್‌ಗೆ ಸ್ಕಾಲರ್‌ಶಿಪ್ ಇದೆ. ಅಲ್ಲಿನ ಕೋಚ್ ಮರ್ಕಿಸನ್ ಗುರುವಾರ ಲಿವರ್ ಕ್ರೀಕ್‌ನ ಅಭ್ಯಾಸ ನೋಡಲು ಬರುತ್ತಾನೆ. ಒಪ್ಪದಿದ್ದರೆ ಶುಕ್ರವಾರ ಜಾರ್ಜಿಯಾದ ಹುಡುಗನೊಬ್ಬನಿಗೆ ಆ ಜಾಗ ಹೋಗುತ್ತದೆ, ಟೇವಿಯನ್‌ಗೆ ಕಾಲೇಜು ಇಲ್ಲ.

“ನಿಮ್ಮನ್ನ ಅಂಕ ಜಾಸ್ತಿ ಕೊಡಿ ಅಂತ ಕೇಳೋಕೆ ಬಂದಿಲ್ಲ ಮಿಸ್ಟರ್ ಸ್ಟೆಗಾಲ್. ಬಂದು ನೋಡಿ ಅಂತ ಕೇಳ್ತಿದೀನಿ. ಆ ಹುಡುಗ ಹುಟ್ಟಿದ್ದೇ ಮೂರು ವಾರ ಮುಂಚೆ. ಯಾವತ್ತೂ ಹಿಂಜರಿದೋನಲ್ಲ.”

ತಾವು ವೀಡಿಯೋ ನೋಡಿಯೇ ಬರೆದದ್ದು, ಎಂಟು ಸಲ ಹಿಂದೆ ಮುಂದೆ ಓಡಿಸಿ ನೋಡಿದ್ದು ಎಂದು ಸ್ಟೆಗಾಲರು ಗಂಭೀರವಾಗಿ ತಿಳಿಸಿದರು. ಗೊತ್ತು, ಆ ವೀಡಿಯೋ ತೆಗೆದದ್ದು ನಾನೇ ಎಂದು ಆಕೆ ಹೇಳಿ, ಬೆಲ್ಟು ತೆಗೆದುಕೊಂಡು ಹೋದರು.

ಹೋಗುವುದಿಲ್ಲ ಎಂದು ಸ್ಟೆಗಾಲರು ತೀರ್ಮಾನಿಸಿದರು. ಒಬ್ಬ ಅಜ್ಜಿ ಬಂದು ಕೇಳಿದಳೆಂದು ಹೋಗಿಬಿಟ್ಟರೆ ಹನ್ನೊಂದು ಕೌಂಟಿಗಳ ಅಜ್ಜಿಯರೆಲ್ಲ ಬೆಲ್ಟು ಕೊಳ್ಳಲು ಬರುತ್ತಾರೆ. ಆ ತೀರ್ಮಾನದ ಮೇಲೆ ಅವರು ಒಂದು ಗಂಟೆ ಕೂತರು, ಎದ್ದರು, ಬೇರಿಂಗುಗಳ ಡಬ್ಬಿಗಳನ್ನು ಅಳತೆ ಪ್ರಕಾರ ಜೋಡಿಸಿದರು, ಆಗಲೇ ಅಳತೆ ಪ್ರಕಾರ ಇದ್ದವು, ಮತ್ತೆ ಕೂತರು. ಹಿಂಕೋಣೆಗೆ ಹೋಗಿ ಟೇವಿಯನ್‌ನ ವೀಡಿಯೋ ಹಾಕಿದರು. ಅಲ್ಲೇ ಇತ್ತು ಅರೆ ಸೆಕೆಂಡು. ಹುಡುಗ ಚೆಂಡು ಪಡೆಯುತ್ತಾನೆ, ಎರಡು ಹೆಜ್ಜೆ ಇಡುತ್ತಾನೆ, ನಿಲ್ಲುತ್ತಾನೆ. ಖಾಲಿ ಹುಲ್ಲಿನ ಮುಂದೆ ಬಸ್ಸಿಗೆ ಕಾಯುವವನ ಹಾಗೆ ನಿಲ್ಲುತ್ತಾನೆ. ಆಮೇಲೆ ಓಡುತ್ತಾನೆ. ಸರಿಯಾಗಿಯೇ ಬರೆದಿದ್ದೇನೆ ಎಂದು ಸಮಾಧಾನ ಮಾಡಿಕೊಂಡರು. ಆ ಸಮಾಧಾನ ಊಟದ ತನಕವೂ ಬಾಳಲಿಲ್ಲ.

ಮಂಗಳವಾರ ಮೂರು ಗಂಟೆಗೆ ಅಂಗಡಿಯನ್ನು ಜೊತೆಗಾರನಿಗೆ ಒಪ್ಪಿಸಿ ಪಿಕಪ್ ಹತ್ತಿದರು. ಲಿವರ್ ಕ್ರೀಕ್‌ನಲ್ಲಿ ಹಲಗೆ ಬೆಂಚುಗಳು ಆರು ವರ್ಷದಲ್ಲಿ ಮೆತ್ತಗಾಗಿರಲಿಲ್ಲ. ನುಸಿಗಳು ಕಿವಿ, ಕಣ್ಣು ಯಾವುದನ್ನೂ ಬಿಡಲಿಲ್ಲ. ಕೆಳಗೆ ಕೂತರು, ಮೇಲೆ ಹತ್ತಿದರು, ಬೇಲಿಯ ಹತ್ತಿರ ನಿಂತರು, ಮತ್ತೆ ಮೇಲೆ ಹತ್ತಿದರು. ಮೇಲಿಂದ ಇಡೀ ಮೈದಾನ ಕಾಣುತ್ತಿತ್ತು, ಇಪ್ಪತ್ತೆರಡು ಹುಡುಗರೂ ಒಟ್ಟಿಗೆ. ಒಂದು ಆಟದಲ್ಲಿ ಅಷ್ಟು ಜನ ಇರುತ್ತಾರೆಂಬುದು ಸ್ಟೆಗಾಲರಿಗೆ ಮರೆತೇಹೋಗಿತ್ತು ಎಂದರೆ ತಪ್ಪಾಗಲಾರದು.

ಲಿವರ್ ಕ್ರೀಕ್ ತಂಡ ತನ್ನ ಅಜ್ಜಂದಿರ ಕಾಲದಿಂದ ಒಂದೇ ತಂತ್ರವನ್ನು ನಂಬಿಕೊಂಡು ಬಂದದ್ದು. ಎದುರಾಳಿಗಳನ್ನು ತಡೆಯುವ ಸಾಲಿನಲ್ಲಿ ಎಡಗಡೆ ನಿಲ್ಲುವ ಗಾರ್ಡ್ ತನ್ನ ಜಾಗ ಬಿಟ್ಟು, ಎಲ್ಲರ ಬೆನ್ನ ಹಿಂದಿನಿಂದ ಬಲಕ್ಕೆ ಓಡಿ, ಅಲ್ಲಿ ಎದುರಾಳಿಯೊಬ್ಬನನ್ನು ಗುದ್ದಿ ದಾರಿ ಬಿಡಿಸಬೇಕು. ಆ ದಾರಿಯಲ್ಲಿ ಚೆಂಡು ಹಿಡಿದವನು ನುಗ್ಗಬೇಕು. ಈಗಿನ ಎಡ ಗಾರ್ಡ್ ಟೇವಿಯನ್‌ನ ಚಿಕ್ಕಮ್ಮನ ಮಗ. ಹೆಸರು ಶಾಲೆಯ ರಿಜಿಸ್ಟರಿನಲ್ಲಿ ಏನೋ ಇದೆ, ಊರಿಗೆಲ್ಲ ಬಿಸ್ಕೆಟ್. ಮುನ್ನೂರ ಹತ್ತು ಪೌಂಡಿನ ಆಳು. ಗುದ್ದಿದರೆ ಎದುರಿಗಿದ್ದವನು ಏಳಲು ಮನಸ್ಸು ಮಾಡಬೇಕಾಗುತ್ತಿತ್ತು. ಆದರೆ ಎಡದಿಂದ ಬಲಕ್ಕೆ ಬಂದು ಮುಟ್ಟಲು ಅವನಿಗೆ ಬೇರೆಯವರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಎಷ್ಟು ಹೆಚ್ಚು ಎಂದು ಸ್ಟೆಗಾಲರು ಗಡಿಯಾರ ಒತ್ತಿ ನೋಡಿದರು. ಅರೆ ಸೆಕೆಂಡು.

ಇನ್ನೊಂದು ಸಲ ಒತ್ತಿದರು. ಅರೆ ಸೆಕೆಂಡೇ.

ಮಿಸ್ ಒಡೆಲ್ ಬೇಲಿಗೆ ಒರಗಿ ಫೋನು ಹಿಡಿದು ವೀಡಿಯೋ ತೆಗೆಯುತ್ತಿದ್ದರು. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ, ಮೊಮ್ಮಗ ಒಬ್ಬನೇ ಚೌಕಟ್ಟು ತುಂಬುವ ಹಾಗೆ. ಗಾರ್ಡ್ ಇಲ್ಲ, ಎದುರಾಳಿ ಇಲ್ಲ, ದಾರಿ ಇಲ್ಲ. ಮೊಮ್ಮಗ, ಒಂದಿಷ್ಟು ಹುಲ್ಲು. ಹಿಂಕೋಣೆಯ ಕುರ್ಚಿಯಲ್ಲಿ ಕೂತು ಎಂಟು ಸಲ ಹಿಂದೆ ಮುಂದೆ ಓಡಿಸಿ ನೋಡಿದ್ದು ಇದನ್ನು. ಹುಡುಗ ನಿಂತದ್ದು ಹಿಂಜರಿದಲ್ಲ. ದಾರಿ ಬಿಡಿಸುವವನು ಇನ್ನೂ ಬಂದಿರಲಿಲ್ಲ, ಅಷ್ಟೆ.

ಆದರೆ ಅದಕ್ಕಿಂತ ಕೆಟ್ಟದ್ದು ಇನ್ನೂ ಇತ್ತು. ಈಗ ಮೈದಾನದಲ್ಲಿ ಹುಡುಗ ನಿಲ್ಲುತ್ತಿರಲಿಲ್ಲ. ಚೆಂಡು ಕೈಗೆ ಬಂದ ಕೂಡಲೇ ತಲೆ ತಗ್ಗಿಸಿ ನುಗ್ಗುತ್ತಿದ್ದ, ನುಗ್ಗಿ ನೇರವಾಗಿ ಬಿಸ್ಕೆಟ್‌ನ ಬೆನ್ನಿಗೆ ಹೋಗಿ ಅಪ್ಪಳಿಸುತ್ತಿದ್ದ. ಶಾಲೆಯ ಕೋಚ್ ಫೆಲ್ಡರ್ ಅಂಚಿನಿಂದ “ನುಗ್ಗು, ನಿಲ್ಲಬೇಡ” ಎಂದು ಪ್ರತಿ ಓಟಕ್ಕೂ ಕೂಗುತ್ತಿದ್ದ. ಅಭ್ಯಾಸ ಮುಗಿದ ಮೇಲೆ ಫೆಲ್ಡರ್ ಕೈ ಕುಲುಕಿ, ನಿಮ್ಮಂಥ ಪ್ರೊಫೆಸರು ಬಂದದ್ದು ನಮ್ಮ ಭಾಗ್ಯ ಎಂದು ಹಲ್ಲು ಕಿರಿದು, ಬಟ್ಟೆ ಬದಲಿಸುವ ಕೋಣೆಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದ. ಅಕ್ಟೋಬರಿನ ವರದಿಯ ಆ ಪ್ಯಾರಾವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಅಂಟಿಸಿದ್ದ. ಆರು ತಿಂಗಳಿಂದ ಹುಡುಗ ಬೆಳಿಗ್ಗೆ ಸಂಜೆ ಅದನ್ನು ಓದಿಕೊಂಡೇ ಬೂಟು ಕಟ್ಟುತ್ತಿದ್ದನಂತೆ. ಸ್ಟೆಗಾಲರು ತಮ್ಮ ವಾಕ್ಯಗಳನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಎಂದೂ ನೋಡಿರಲಿಲ್ಲ. ನೋಡುವ ಆಸೆ ಮಾತ್ರ ಬಹಳ ವರ್ಷದಿಂದ ಇತ್ತು.

ಬುಧವಾರ ಅವರು ಅಂಗಡಿಯಲ್ಲಿ ಮೂವರಿಗೆ ತಪ್ಪು ಬೆಲ್ಟು ಕೊಟ್ಟರು. ಮಧ್ಯಾಹ್ನ ಮನೆಗೆ ಬಂದು ತಿದ್ದುಪಡಿ ಬರೆಯಲು ಕೂತರು. ಹತ್ತೊಂಬತ್ತು ವರ್ಷದಲ್ಲಿ ಮೊದಲನೆಯದು, ಆದ್ದರಿಂದ ಹೇಗೆ ಶುರುಮಾಡಬೇಕೆಂದೇ ತಿಳಿಯಲಿಲ್ಲ. ಒಂದು ಸಾಲು ಬರೆದರು, ಎದ್ದು ಹಿತ್ತಲಿಗೆ ಹೋದರು, ಬಂದು ಅದನ್ನು ಹೊಡೆದುಹಾಕಿದರು. ವರ್ನಾ ಹುರಿದ ಮೀನು, ಜೋಳದ ರೊಟ್ಟಿ ತಂದಿಟ್ಟಳು, ಅದು ತಣ್ಣಗಾಯಿತು. ಕೊನೆಗೆ ಒಂದು ಪ್ಯಾರಾ ಸಿದ್ಧವಾಯಿತು. ಗಂಡ ಓದಿ ಹೇಳುವುದಕ್ಕೆ ಮುಂಚೆಯೇ ಅವಳು ಭುಜದ ಮೇಲಿಂದ ಬಗ್ಗಿ ಓದಿದಳು. ‘ಹಿಂದಿನ ಮೌಲ್ಯಮಾಪನದಲ್ಲಿ, ಒದಗಿಸಲಾದ ಚಿತ್ರೀಕರಣದ ಮಿತಿಗಳ ಕಾರಣದಿಂದಾಗಿ’ ಎಂದು ಅದು ಶುರುವಾಗಿತ್ತು.

“ಚಿತ್ರೀಕರಣ ಅಂದ್ರೆ ಮಿಸ್ ಒಡೆಲ್ ತಾನೇ?” ಎಂದಳು ವರ್ನಾ.

“ಹೆಸರು ಹಾಕಿಲ್ಲವಲ್ಲ.”

“ಲಿವರ್ ಕ್ರೀಕ್‌ನಲ್ಲಿ ಮೊಮ್ಮಗನ ವೀಡಿಯೋ ತೆಗೆಯೋರು ಇನ್ನೆಷ್ಟು ಜನ ಇದಾರೆ ಲಮಾರ್? ಹುಡುಗ ಓದಲ್ವಾ ಇದನ್ನ? ಗೋಡೆಗೆ ಅಂಟಿಸ್ತಾರೆ ಅಂತೀಯ ಬೇರೆ.”

ವೀಡಿಯೋದಲ್ಲಿ ಗಾರ್ಡ್ ಇರಲಿಲ್ಲ ಎಂಬುದು ಸತ್ಯ, ಸತ್ಯ ಬರೆಯುವುದು ತಪ್ಪಲ್ಲ ಎಂದು ಸ್ಟೆಗಾಲರು ವಾದಿಸಿದರು. ವರ್ನಾ ತಟ್ಟೆ ಎತ್ತಿಕೊಂಡಳು. ಲಿವರ್ ಕ್ರೀಕ್ ಇದ್ದದ್ದು ಹದಿನಾಲ್ಕೇ ಮೈಲಿ ಎಂಬುದೂ ಸತ್ಯ ಎಂದಷ್ಟೇ ಹೇಳಿ ಒಳಗೆ ಹೋದಳು. ಅವರು ಕಾಗದವನ್ನು ಹರಿಯಲಿಲ್ಲ. ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಆ ರಾತ್ರಿಯ ನಿದ್ದೆಯ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಬರಲಿಲ್ಲ.

ಗುರುವಾರ ಮೂರೂವರೆಗೆ ಮರ್ಕಿಸನ್ ಬಂದ. ಸಣ್ಣ ಕಣ್ಣಿನ, ಸೂರ್ಯಕಾಂತಿ ಬೀಜ ಅಗಿಯುತ್ತಲೇ ಇರುವ ಮನುಷ್ಯ. ಸಿಪ್ಪೆಯನ್ನು ಒಂದು ಕಾಗದದ ಲೋಟಕ್ಕೆ ಉಗುಳುತ್ತ, ಮಾತಾಡುವಾಗ ಎದುರಿನವರ ಮುಖ ಬಿಟ್ಟು ಕಾಲು ನೋಡುತ್ತಿದ್ದ. ಇಪ್ಪತ್ತು ವರ್ಷ ಹುಡುಗರ ಕಾಲು ನೋಡಿ ನೋಡಿ ಬಂದ ಅಭ್ಯಾಸ ಅದು. ಸ್ಟೆಗಾಲರನ್ನು ನೋಡಿ ಹುಬ್ಬೇರಿಸಿದ. ನೀವು ಮೈದಾನಕ್ಕೆ ಬರುವುದನ್ನು ಬಿಟ್ಟಿದ್ದೀರೆಂದು ಕೇಳಿದ್ದೆ ಎಂದ. ಇಬ್ಬರೂ ಅಂಚಿನಲ್ಲಿ ಅಕ್ಕಪಕ್ಕ ನಿಂತರು. ಹತ್ತು ಗಜ ಆಚೆ ಬೇಲಿಯ ಬಳಿ ಮಿಸ್ ಒಡೆಲ್, ಬಸ್ಸಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಫೋನು ಎತ್ತಿ ಹಿಡಿದಿದ್ದರು.

ಮೊದಲ ಓಟ, ನುಗ್ಗಿದ, ಬಿಸ್ಕೆಟ್‌ನ ಬೆನ್ನು. ಎರಡನೆಯದು, ಬಿಸ್ಕೆಟ್‌ನ ಬೆನ್ನು. ಮೂರನೆಯದರಲ್ಲಿ ಬೆನ್ನು ತಪ್ಪಿಸಿ ಪಕ್ಕಕ್ಕೆ ಹೊರಳಿ ಎರಡು ಗಜ. ನಾಲ್ಕನೆಯದು ಮತ್ತೆ ಬೆನ್ನು. ಪ್ರತಿ ಸಲವೂ ಬಿಸ್ಕೆಟ್ ಹಿಂದೆ ತಿರುಗಿ, ರೈಲಿನಲ್ಲಿ ಕಾಲು ತುಳಿಸಿಕೊಂಡವನ ಹಾಗೆ ನೋಡುತ್ತಿದ್ದ. ಮರ್ಕಿಸನ್ ಸಿಪ್ಪೆ ಉಗುಳಿದ.

“ನೀವು ಬರೆದಿದ್ದ ಹಿಂಜರಿಕೆ ಹೋಗಿದೆ. ಆದ್ರೆ ಕಣ್ಣೂ ಹೋಗಿದೆ,” ಎಂದ. ಕೈಯಲ್ಲಿದ್ದ ಟಿಪ್ಪಣಿ ಪುಸ್ತಕ ಮುಚ್ಚಿ, ರಬ್ಬರ್ ಬ್ಯಾಂಡು ಹಾಕಿದ. ಜಾರ್ಜಿಯಾಕ್ಕೆ ಎಷ್ಟು ಹೊತ್ತಿನ ದಾರಿ ಎಂದು ಅಲ್ಲಿದ್ದ ಒಬ್ಬನನ್ನು ಕೇಳಿದ.

ಸ್ಟೆಗಾಲರ ಕೈ ಜೇಬಿಗೆ ಹೋಯಿತು. ಕಾಗದ ಅಲ್ಲೇ ಇತ್ತು, ಒಳ್ಳೆಯ ಕಾಗದ, ಯಾರನ್ನೂ ಬೈಯದ, ಯಾರ ಹೆಸರನ್ನೂ ಹೇಳದ ಕಾಗದ. ವೀಡಿಯೋದ ಸಮಸ್ಯೆ ಏನೆಂದರೆ ಕೋಚ್, ಎಂದು ಬಾಯಿ ತೆರೆದರು. ಅಷ್ಟಕ್ಕೇ ಬೇಲಿಯ ಕಡೆಯಿಂದ ಮಿಸ್ ಒಡೆಲ್ ಫೋನು ಕೆಳಗಿಳಿಸಿ ಇತ್ತ ನೋಡಿದರು. ಆ ಮುಖದಲ್ಲಿ ಕೋಪವಿರಲಿಲ್ಲ, ತಪ್ಪೇನಾದರೂ ತನ್ನಿಂದ ಆಯಿತೇ ಎಂದು ಕೇಳುವ ಮುಖ. ಸ್ಟೆಗಾಲರು ಬಾಯಿ ಮುಚ್ಚಿದರು. ಮಂಡಿ ನೋಯುತ್ತಿತ್ತು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರು.

“ನಾನು ಬಂದು ನೋಡಲಿಲ್ಲ, ಕೋಚ್,” ಎಂದರು. “ಹದಿನಾಲ್ಕು ಮೈಲಿ. ಅಂಗಡಿಯಲ್ಲೇ ಕೂತು ಬರೆದೆ. ತಪ್ಪು ಬರೆದೆ. ಆ ಹುಡುಗ ಚೆನ್ನಾಗಿದ್ದ. ಈಗ ಹೀಗೆ ಓಡ್ತಿರೋದು ನನ್ನಿಂದ.”

ಆಮೇಲೆ ಎಲ್ಲವನ್ನೂ ಹೇಳಿದರು. ಬಿಸ್ಕೆಟ್, ಗಡಿಯಾರ, ಗೋಡೆಯ ಮೇಲಿನ ಪ್ಯಾರಾ. ವೀಡಿಯೋ ಯಾರು ತೆಗೆದರು ಎಂಬುದೊಂದನ್ನು ಬಿಟ್ಟು. ಮರ್ಕಿಸನ್ ಅವರ ಕಾಲನ್ನೇ ನೋಡುತ್ತ ಕೇಳಿಸಿಕೊಂಡ. ಆಗ ತಪ್ಪಿದ ಮನುಷ್ಯ ಈಗ ಸರಿ ಎಂದು ತಾನು ಹೇಗೆ ನಂಬಲಿ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಸ್ಟೆಗಾಲರ ಹತ್ತಿರ ಅದಕ್ಕೆ ದಶಮಾಂಶವೂ ಇರಲಿಲ್ಲ, ಪೂರ್ಣಾಂಕವೂ ಇರಲಿಲ್ಲ. ನನ್ನನ್ನು ನಂಬಬೇಡಿ, ಇನ್ನು ಹತ್ತು ನಿಮಿಷ ನಿಲ್ಲಿ ಎಂದರು.

ಫೆಲ್ಡರ್ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಆರು ತಿಂಗಳು ಗಂಟಲು ಹರಿದುಕೊಂಡು ಬಿಡಿಸಿದ ಚಟವನ್ನು, ಅದನ್ನು ದೋಷವೆಂದವರೇ ಬಂದು ಮತ್ತೆ ಹಿಡಿಸಿ ಎಂದರೆ ಯಾರಿಗಾದರೂ ಹಾಗೇ ಆಗುತ್ತದೆ. ನಿಮ್ಮ ಮಾತು ಕೇಳಿ ನನ್ನ ತಂಡ ನವೆಂಬರಿನಲ್ಲಿ ಎರಡು ಪಂದ್ಯ ಸೋತಿತು, ಗೊತ್ತೇ ಎಂದ. ಗೊತ್ತಿರಲಿಲ್ಲ ಎಂದು ಸ್ಟೆಗಾಲರು ಒಪ್ಪಿಕೊಂಡರು. ಹಾಗೆ ಒಪ್ಪಿಕೊಳ್ಳುವುದು ಆ ದಿನ ಎರಡನೆಯ ಸಲವಾದ್ದರಿಂದ ಮೊದಲಿನಷ್ಟು ಕಷ್ಟವಾಗಲಿಲ್ಲ. ಫೆಲ್ಡರ್ ಗೊಣಗುತ್ತ ಸೀಟಿ ಊದಿ ಹುಡುಗನನ್ನು ಕರೆದ.

ಟೇವಿಯನ್ ಹೆಲ್ಮೆಟ್ ತೆಗೆದು ಬಂದ. ವೀಡಿಯೋದಲ್ಲಿ ಕಂಡದ್ದಕ್ಕಿಂತ ಗಿಡ್ಡ, ಕುತ್ತಿಗೆ ದಪ್ಪ, ಹುಬ್ಬಿನ ಮೇಲೆ ಬಿಸ್ಕೆಟ್‌ನ ಬೆನ್ನಿನಿಂದಾದ ಕೆಂಪು ಗೆರೆ. ಸ್ಟೆಗಾಲರು ಗಂಟಲು ಸರಿಮಾಡಿಕೊಂಡರು. ತಪ್ಪು ಒಪ್ಪಿಕೊಂಡ ಮೇಲೆ ಮನುಷ್ಯನಿಗೆ ಒಂದು ಬಗೆಯ ಹೊಸ ಗತ್ತು ಬರುತ್ತದೆ, ಅದು ಬಂದಿತ್ತು. ನೋಡು ಮಗಾ, ನೀನು ನಿಲ್ಲುತ್ತಿದ್ದದ್ದು ಹಿಂಜರಿಕೆಯಲ್ಲ, ತಾಳ್ಮೆ, ಅದನ್ನು ನಾನು ಈಗ ಕಂಡುಕೊಂಡಿದ್ದೇನೆ, ಬಿಸ್ಕೆಟ್ ಬಂದು ಮುಟ್ಟುವವರೆಗೆ ನೀನು ಕಾಯುತ್ತಿದ್ದೆ, ಮತ್ತೆ ಹಾಗೆಯೇ ಕಾಯಿ ಎಂದು ವಿವರಿಸಿದರು. ಹುಡುಗ ಮರ್ಯಾದೆಯಿಂದ ಕೊನೆಯವರೆಗೂ ಕೇಳಿದ.

“ನಾನು ಬಿಸ್ಕೆಟ್‌ಗೆ ಕಾಯ್ತಿರಲಿಲ್ಲ ಸರ್.”

“ಮತ್ತೆ?”

“ಆಚೆ ಕಡೆ ನಡುವೆ ನಿಂತಿರ್ತಾನಲ್ಲ, ನನ್ನ ಹಿಡಿಯೋಕೆ ಬರೋನು. ಅವನು ಮೊದಲು ನನ್ನನ್ನೇ ನೋಡ್ತಿರ್ತಾನೆ. ನಾನು ನಿಂತ್ರೆ ಅವನಿಗೂ ನಿಲ್ಲಬೇಕು. ಅಷ್ಟರಲ್ಲಿ ಬಿಸ್ಕೆಟ್ ಬರ್ತಾನೆ. ಅಷ್ಟು ದೊಡ್ಡದು ಬರ್ತಿದ್ರೆ ಯಾರಾದ್ರೂ ತಿರುಗಿ ನೋಡಲೇಬೇಕಲ್ಲ ಸರ್. ಅವನ ಕಣ್ಣು ಆ ಕಡೆ ಹೋದ ತಕ್ಷಣ ನಾನು ಹೊರಡೋದು. ಬಿಸ್ಕೆಟ್ ಮುಟ್ಟಿದ್ರೂ ಸರಿ, ಮುಟ್ಟದಿದ್ರೂ ಸರಿ.”

ಮರ್ಕಿಸನ್ ಅಗಿಯುವುದನ್ನು ನಿಲ್ಲಿಸಿದ. ಬಂದಾಗಿನಿಂದ ಮೊದಲ ಸಲ ಒಬ್ಬರ ಮುಖ ನೋಡಿದ. “ಇದನ್ನ ಯಾರು ಹೇಳಿಕೊಟ್ರು ನಿಂಗೆ?”

“ಯಾರೂ ಇಲ್ಲ ಸರ್. ಬಿಸ್ಕೆಟ್ ಬಹಳ ನಿಧಾನ. ಅಷ್ಟು ಹೊತ್ತು ಏನಾದ್ರೂ ಮಾಡ್ತಿರಬೇಕಲ್ಲ.”

“ಕೇಳಿಸ್ತಾ ಇದೆ ನಂಗೆ,” ಎಂದ ಬಿಸ್ಕೆಟ್ ಮೈದಾನದ ನಡುವಿನಿಂದ.

ಸ್ಟೆಗಾಲರು ಮೂರು ದಿನ ಊಟ ನಿದ್ದೆ ಬಿಟ್ಟು ಕಂಡುಕೊಂಡ ಸತ್ಯ, ಹತ್ತೊಂಬತ್ತು ವರ್ಷದ ಅಭಿಮಾನ ತೆತ್ತು ತಂದ ತಿದ್ದುಪಡಿ, ಅದೂ ಅರ್ಧ ತಪ್ಪಾಗಿತ್ತು. ಜೇಬಿನ ಕಾಗದ ಬೆವರಿಗೆ ಎದೆಗೆ ಅಂಟಿಕೊಂಡಿತ್ತು.

ಆಮೇಲೆ ಹುಡುಗ ಒಂಬತ್ತು ಸಲ ಓಡಿದ. ಮೊದಲನೆಯದರಲ್ಲಿ ಆರು ತಿಂಗಳ ಅಭ್ಯಾಸ ಅಡ್ಡ ಬಂದು ಮತ್ತೆ ಬೆನ್ನಿಗೇ ಹೋದ. ಎರಡನೆಯದರಲ್ಲಿ ನಿಂತ, ಅತಿಯಾಗಿ ನಿಂತ, ಹಿಂದಿನಿಂದ ಬಂದವನೊಬ್ಬ ಕೆಡವಿದ. ಫೆಲ್ಡರ್ ಸ್ಟೆಗಾಲರ ಕಡೆ ನೋಡಿದ, ಸ್ಟೆಗಾಲರು ತಮ್ಮ ಬೂಟಿನ ಕಡೆ ನೋಡಿದರು. ಮೂರನೆಯದರಲ್ಲಿ ಎರಡು ಹೆಜ್ಜೆ ಇಟ್ಟು ನಿಂತ. ಈ ಸಲ ಸ್ಟೆಗಾಲರು ಹುಡುಗನನ್ನು ನೋಡಲಿಲ್ಲ, ಆಚೆ ಕಡೆಯ ನಡುವಿನವನನ್ನು ನೋಡಿದರು. ಅವನೂ ನಿಂತಿದ್ದ, ಮಂಡಿ ಬಗ್ಗಿಸಿ, ಉಸಿರು ಹಿಡಿದು. ಬಿಸ್ಕೆಟ್ ಗುಡುಗುತ್ತ ಬಂದ. ನಡುವಿನವನ ತಲೆ ಒಂದಿಷ್ಟೇ, ಕಿವಿಯ ಮೇಲೆ ನೊಣ ಕೂತರೆ ತಿರುಗುವಷ್ಟು, ಆ ಕಡೆ ತಿರುಗಿತು. ಮತ್ತೆ ಇತ್ತ ತಿರುಗುವ ಹೊತ್ತಿಗೆ ಅಲ್ಲಿ ಟೇವಿಯನ್ ಇರಲಿಲ್ಲ. ಇಪ್ಪತ್ತೆರಡು ಗಜ ಆಚೆ ಇದ್ದ.

ಉಳಿದ ಆರರಲ್ಲಿ ನಾಲ್ಕು ಹಾಗೇ ಆದವು. ಒಂದು ಓಟದಲ್ಲಿ ಬಿಸ್ಕೆಟ್ ಅರ್ಧ ದಾರಿಯಲ್ಲೇ ಮುಗ್ಗರಿಸಿ ಬಿದ್ದ, ಆಚೆಯವನು ಅವನು ಬಿದ್ದದ್ದನ್ನು ನೋಡಿದ, ಅಷ್ಟು ಸಾಕಾಯಿತು.

ಮರ್ಕಿಸನ್ ಏನನ್ನೂ ಬರೆದುಕೊಳ್ಳಲಿಲ್ಲ. ಸಿಪ್ಪೆಯ ಲೋಟವನ್ನು ಬೆಂಚಿನ ಮೇಲಿಟ್ಟು, ಟೋಪಿ ತೆಗೆದು, ಬೇಲಿಯ ಕಡೆ ನಡೆದ. ಮಿಸ್ ಒಡೆಲ್ ಫೋನನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡರು. ಏನು ಮಾತಾಡಿದರೆಂದು ಇತ್ತ ಕೇಳಿಸಲಿಲ್ಲ. ಆಕೆ ಒಮ್ಮೆ ತಲೆಯಾಡಿಸಿದರು, ಮತ್ತೊಮ್ಮೆ ಆಡಿಸಿದರು, ಆಮೇಲೆ ಮರ್ಕಿಸನ್‌ನ ತೋಳು ಹಿಡಿದು ಎರಡನೆಯ ಸಲ ಹೇಳಿಸಿದರು. ಮೂರನೆಯ ಸಲವೂ ಹೇಳಿಸಿದ ಹಾಗಿತ್ತು. ಮೈದಾನದಲ್ಲಿ ಬಿಸ್ಕೆಟ್ ತನ್ನ ಅಣ್ಣನನ್ನು ಎತ್ತಿ ಹಿಡಿದುಕೊಂಡು ಒಂದು ಸುತ್ತು ಹಾಕಿದ, ನಿಧಾನವಾಗಿಯೇ.

ಹಿಂತಿರುಗುವ ದಾರಿಯಲ್ಲಿ ಮರ್ಕಿಸನ್ ಸ್ಟೆಗಾಲರ ಹತ್ತಿರ ನಿಂತ. ಸ್ಕಾಲರ್‌ಶಿಪ್ ಹುಡುಗನದೇ, ಜಾರ್ಜಿಯಾಕ್ಕೆ ಫೋನು ಮಾಡಿ ಬರಲಾರೆನೆಂದು ಹೇಳುತ್ತೇನೆ ಎಂದ. ಕೈ ಕುಲುಕಿದ. ಈಗ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಲಿಲ್ಲ, ಕೇಳಬಹುದೆಂದು ಸ್ಟೆಗಾಲರು ಕಾದಿದ್ದರು. ಕಾರಿನ ಬಾಗಿಲು ತೆಗೆದ ಮೇಲೆ ಏನೋ ನೆನಪಾದವನ ಹಾಗೆ ತಿರುಗಿದ.

“ಈ ವರ್ಷದ ನಿಮ್ಮ ಪಟ್ಟಿಯಲ್ಲಿ ಹೀಗೆ ಕೂತಲ್ಲೇ ಬರೆದಿರೋದು ಇನ್ನೆಷ್ಟು ಮಿಸ್ಟರ್ ಸ್ಟೆಗಾಲ್?”

ಅವನು ಉತ್ತರಕ್ಕೆ ಕಾಯದೆ ಹೊರಟುಹೋದ. ಸ್ಟೆಗಾಲರು ಅಲ್ಲೇ ಬಿಸಿಲಿನಲ್ಲಿ ನಿಂತು ಬೆರಳು ಮಡಚಿ ಎಣಿಸಿದರು. ಮೂವತ್ತೊಂದು. ಮತ್ತೆ ಎಣಿಸಿದರು, ಕಡಿಮೆಯಾಗಲಿಲ್ಲ. ಒಬ್ಬನ ಬಗ್ಗೆ ಕಾಲು ಭಾರ ಎಂದು ಬರೆದಿದ್ದರು, ಒಬ್ಬನಿಗೆ ಧೈರ್ಯವಿಲ್ಲ ಎಂದು, ಒಬ್ಬ ದಣಿಯುತ್ತಾನೆ ಎಂದು. ಧೈರ್ಯವಿಲ್ಲ ಎಂದದ್ದು ಸ್ಯಾಂಡಿ ರಿಜ್‌ನ ಹುಡುಗನಿಗೆ. ಸ್ಯಾಂಡಿ ರಿಜ್ ಅಲ್ಲಿಂದ ಹದಿನೆಂಟು ಮೈಲಿ. ಅಲ್ಲಿ ಅಭ್ಯಾಸ ಐದೂವರೆಗೆ ಮುಗಿಯುತ್ತದೆ. ಆಗ ಐದಕ್ಕೆ ಹತ್ತು ನಿಮಿಷವಿತ್ತು.

ಮಿಸ್ ಒಡೆಲ್ ಊಟಕ್ಕೆ ಕರೆಯಲು ಬೇಲಿಯ ಈಚೆ ಬರುತ್ತಿದ್ದರು. ಸ್ಟೆಗಾಲರು ದೂರದಿಂದಲೇ ಟೋಪಿ ಎತ್ತಿ, ಮಂಡಿಯನ್ನು ಲೆಕ್ಕಿಸದೆ ಪಿಕಪ್ಪಿನ ಕಡೆ ದಾಪುಗಾಲು ಹಾಕಿದರು. ದಾರಿಯುದ್ದಕ್ಕೂ ಅಡ್ಡ ಸಿಕ್ಕ, ಮರ ಸಾಗಿಸುವ ಪ್ರತಿ ಲಾರಿಯನ್ನೂ ಬೈದರು. ಸ್ಯಾಂಡಿ ರಿಜ್ ಮುಟ್ಟಿದಾಗ ಆಟ ಮುಗಿದಿತ್ತು, ಹುಡುಗರು ಕೊನೆಯ ಸುತ್ತುಗಳನ್ನು ಓಡುತ್ತಿದ್ದರು. ಬೇಲಿಯ ಬಳಿ ನಿಂತಿದ್ದ ಒಬ್ಬ ತಂದೆಯನ್ನು, ತಾವು ಧೈರ್ಯವಿಲ್ಲ ಎಂದು ಬರೆದಿದ್ದವನ ಹೆಸರು ಹೇಳಿ, ಆ ಹುಡುಗ ಯಾರು ಎಂದು ಕೇಳಿದರು. ಇಪ್ಪತ್ತನೆಯ ನಂಬರಿನವನು ಎಂದು ಅವನು ತೋರಿಸಿ, ನೀವು ಏನು ನೋಡಲು ಬಂದಿರಿ, ಇನ್ನು ನೋಡುವಂಥದ್ದೇನೂ ಇಲ್ಲವಲ್ಲ ಎಂದ.

ಸುತ್ತು ಓಡುವುದನ್ನು ನೋಡಿ ಒಬ್ಬನಿಗೆ ಧೈರ್ಯವಿದೆಯೋ ಇಲ್ಲವೋ ಹೇಳಲಾಗುವುದಿಲ್ಲ. ಅದು ಸ್ಟೆಗಾಲರಿಗೂ ಗೊತ್ತಿತ್ತು.

“ನಾಳೆ ಎಷ್ಟೊತ್ತಿಗೆ ಶುರು?” ಎಂದು ಕೇಳಿದರು.